ಒಂಬತ್ತರಲ್ಲಿ ನಡುಗುವ ಮುಳ್ಳು

ಮೂರನೇ ಸಲ ತುಳಿದಾಗ ಪೆಡಲ್ಲು
ಒರಳುಕಲ್ಲಾಗಿತ್ತಂತೆ.
ದೇವರಾಯನದುರ್ಗದ ಇಳಿಜಾರು,
ಕಟ್ಟೆಯ ಮೇಲೆ ಕೋತಿಗಳು ಸಾಲಾಗಿ ಕೂತು
ನೋಡುತ್ತಿದ್ದವಂತೆ.
ಹ್ಯಾಂಡ್‌ಬ್ರೇಕು, ಮೊದಲನೇ ಗೇರು, ಪಕ್ಕದ ಮಣ್ಣುದಿಬ್ಬ
ಮೂರೂ ಸೇರಿ ಉಳಿಸಿದವು ಎಂದು
ಶಶಿರೇಖಾ ಡಾಕ್ಟರು ನಕ್ಕರು.
ದನದ ಡಾಕ್ಟರು. ಊರುಕೆರೆಯ ಎಮ್ಮೆಗಳಿಗೆಲ್ಲ ಪರಿಚಯ.
ಕೀಲಿಕೈ ಕೊಟ್ಟ ಕೈ ಮಾತ್ರ
ತಣ್ಣಗಿತ್ತು.

ಕಾರು ನನಗೆ ಗೊತ್ತು. ತೊಂಬತ್ತೊಂಬತ್ತರ ಎಸ್ಟೀಮು.
ಕ್ಯಾಮ್‌ಶಾಫ್ಟ್ ಬದಲಾಯಿಸಿದವನೂ ನಾನೇ,
ಹದಿನೈದು ದಿನದ ಹಿಂದೆ, ಇದೇ ಶಿರಾ ಗೇಟಿನ ಶೆಡ್ಡಿನಲ್ಲಿ.
ಕೊಯಮತ್ತೂರಿನಿಂದ ಉಜ್ಜಿಸಿ ತಂದ ಮಾಲು;
ಬಾಗಿಲು ಬೇಗ ತೆಗೆದು ತಡವಾಗಿ ಮುಚ್ಚುವ
ಹೊಟ್ಟೆಬಾಕನ ಜಾತಿ.
ಐದು ಸಾವಿರ ದಾಟಿದರೆ ಬೆನ್ನು ಸೀಟಿಗೆ ಅಂಟುತ್ತೆ.
ನಿಂತಲ್ಲಿ ಮಾತ್ರ ಗುಡು... ಗುಡುಗುಡು... ಗುಡು,
ಹಟ್ಟಿಯಲ್ಲಿ ಕುರಿ ಕೆಮ್ಮಿದ ಹಾಗೆ.
ಆ ಸದ್ದಿಗೆ ಅವರು ಮನಸೋತರು.
ನಾನೂ.
ಅವತ್ತು ಗೇಜು ಹಾಕಿ ನೋಡಲಿಲ್ಲ,
ಕೈ ಒರೆಸಿಕೊಳ್ಳುತ್ತ, ಕೇಳುತ್ತ ನಿಂತುಬಿಟ್ಟೆ.

ಎಂಜಿನ್ನು ಬಿಡೋ ಉಸಿರು ಊರಿಗೆಲ್ಲ ಕೇಳುತ್ತೆ,
ಎಳೆಯೋ ಉಸಿರು ಕೇಳಿದರೆ ಮಾತ್ರ ನೀನು ಮೆಕ್ಯಾನಿಕ್ಕು
ಎನ್ನುತ್ತಿದ್ದರು ದಸ್ತಗೀರ್ ಸಾಬರು,
ಸ್ಕ್ರೂಡ್ರೈವರಿನ ಹಿಡಿ ಕಿವಿಗೊತ್ತಿ, ಕಣ್ಣು ಮುಚ್ಚಿ.

ಇವತ್ತು ಗೇಜು ಸಿಕ್ಕಿಸಿದೆ.
ಹಳೆ ಕ್ಯಾಮಿನಲ್ಲಿ ಹತ್ತೊಂಬತ್ತು ಇಂಚಿಗೆ
ಮೊಳೆ ಹೊಡೆದಂತೆ ನಿಲ್ಲುತ್ತಿದ್ದ ಮುಳ್ಳು
ಈಗ ಒಂಬತ್ತು. ಒಂಬತ್ತರಲ್ಲೂ ನಿಲ್ಲದೆ
ಚಳಿಜ್ವರದ ಮಗುವಿನ ಗಲ್ಲ.
ಸೋರಿಕೆ ಇರಲಿ ದೇವರೇ ಎಂದುಕೊಂಡು
ಪೈಪು ಪೈಪಿಗೂ ಸ್ಪ್ರೇ ಹೊಡೆದೆ.
ಸದ್ದು ಒಂದು ಕೂದಲೂ ಬದಲಾಗಲಿಲ್ಲ.
ಎಲ್ಲೂ ಸೋರಿರಲಿಲ್ಲ;
ಒಳಬಾಗಿಲು ತೆರೆಯುವ ಹೊತ್ತಿಗೆ
ಹೊರಬಾಗಿಲು ಇನ್ನೂ ಮುಚ್ಚಿರಲಿಲ್ಲ, ಅಷ್ಟೆ.

"ಬ್ರೇಕಿಗೆ ಶಕ್ತಿ ಎಲ್ಲಿಂದಣ್ಣ?" ಚಿಕ್ಕೀರ ಕೇಳಿದ.
ಖಾಲಿಯಿಂದ ಕಣ್ಲಾ.
"ಖಾಲಿಗೆಂಥ ಶಕ್ತಿ?"
ಸ್ಟ್ರಾ ಹಾಕಿ ಎಳನೀರು ಕುಡಿಯೋವಾಗ
ನೀನು ಮಾಡೋದು ಬಾಯಿ ಖಾಲಿ,
ತಳ್ಳೋದೆಲ್ಲ ಹೊರಗಿನ ಗಾಳಿ.
ಅವನು ಗಲ್ಲ ಒಳಗೆಳೆದು ಪರೀಕ್ಷೆ ಮಾಡುತ್ತ
ಸ್ಪ್ಯಾನರು ಮರೆತ.

ಡಾಕ್ಟರೇ, ಇಳಿಜಾರಲ್ಲಿ ನ್ಯೂಟ್ರಲ್ ಹಾಕಿದ್ರಾ?
ಅವರು ಸ್ವಲ್ಪ ಹೊತ್ತು ಟಯರು ನೋಡಿದರು.
"ಅಪ್ಪ ಹಾಗೇ ಇಳಿಸ್ತಿದ್ದದ್ದು. ಪಾವಗಡದ ಬಸ್ಸು.
ಇಪ್ಪತ್ತೇಳು ವರ್ಷ. ಒಂದು ಲೋಟ ಡೀಸೆಲ್ಲೂ ದಂಡ ಮಾಡಿದವರಲ್ಲ."
ಬಸ್ಸಿಗೆ ಗಾಳಿಯೇ ಬ್ರೇಕು, ಡಾಕ್ಟರೇ.
ಇದಕ್ಕೆ ಗಾಳಿ ಇಲ್ಲದಿರೋದೇ ಬ್ರೇಕು.

ಟೈಮಿಂಗು ನಾಲ್ಕು ಡಿಗ್ರಿ ಮುಂದಕ್ಕೆ,
ಐಡ್ಲಿಂಗು ಸಾವಿರದ ನೂರಕ್ಕೆ: ಮುಳ್ಳು ಹನ್ನೊಂದು ಮುಟ್ಟಿ ಸುಸ್ತಾಯಿತು.
ಹಳೆಯದನ್ನೇ ಹಾಕಿಬಿಡಲಾ ಎಂದೆ.
ಪೇಪರು ಸುತ್ತಿ ಎಣ್ಣೆ ಸವರಿಟ್ಟಿದ್ದ ಕ್ಯಾಮನ್ನು
ಅವರು ಎತ್ತಿ ನೋಡಿ, ಮತ್ತೆ ಮಲಗಿಸಿದರು,
ಮಾತಾಡಲಿಲ್ಲ.
ಗುಜರಿಯ ಮಿನಿಬಸ್ಸಿನಿಂದ ಬಿಚ್ಚಿದ ವ್ಯಾಕ್ಯೂಮ್ ಟ್ಯಾಂಕು ತಂದೆ,
ಒಂದೇ ದಿಕ್ಕಿಗೆ ಬಿಡುವ ವಾಲ್ವು,
ಬೂಸ್ಟರಿಗೆ ಹೊಸ ಪೈಪು.
ಓಡುವಾಗ ಕೂಡಿಟ್ಟ ಖಾಲಿ
ನಿಂತಾಗ ಖರ್ಚಿಗೆ.

ಅದೇ ತಿರುವು. ಪಕ್ಕದ ಸೀಟಿನಲ್ಲಿ ನಾನು,
ನನ್ನ ಬಲಗಾಲು ಇಲ್ಲದ ಪೆಡಲ್ಲು ತುಳಿಯುತ್ತಿತ್ತು.
ಎರಡನೇ ಗೇರಲ್ಲಿ ಕಾಲೆತ್ತಿದರೆ ಮುಳ್ಳು ಇಪ್ಪತ್ತಕ್ಕೆ ಹಾರಿತು.
ತಪ್ಪಲಿನ ಟೀ ಅಂಗಡಿ ಮುಂದೆ ನಿಂತು
ಒಂದು, ಎರಡು, ಮೂರು, ನಾಲ್ಕು.
ನಾಲ್ಕಕ್ಕೂ ಪೆಡಲ್ಲು ಇಳಿಯಿತು, ಕೊನೆಯದು ಕೊಂಚ ಬಿಗಿ.
ಕುರಿ ಕೆಮ್ಮುತ್ತಲೇ ಇತ್ತು.

ಸಂಜೆ ಚಿಕ್ಕೀರ ಬಿಲ್ಲು ಬರೆಯುತ್ತ ಕೂತ.
"ಡಬ್ಬಕ್ಕೆ ಎಂಟುನೂರು. ಒಳಗೇನಿತ್ತಣ್ಣ?"
ಏನೂ ಇರಲಿಲ್ಲ. ಅದಕ್ಕೇ ದುಡ್ಡು.
"ಮಜೂರಿ?"

ಆ ಜಾಗ ಖಾಲಿ ಬಿಡು.